ಬಯಲ ಸೀಮೆಯ ಕಥನಧ್ವನಿ: ರಾಯಣ್ಣನ ಲಾವಣಿ ಮತ್ತು ‘ಸಂಗ್ಯಾ-ಬಾಳ್ಯಾ’

ಕಾದಂಬರಿಯ ಒಂದು ಅಧ್ಯಾಯವನ್ನು ಕೈಗೆತ್ತಿಕೊಂಡ ವಿಮರ್ಶಕನು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಕಥೆಯನ್ನು ಹೇಳುತ್ತಿರುವವರು ಯಾರು, ಅದು ಯಾವ ನೆಲದಲ್ಲಿ ನಡೆಯುತ್ತದೆ, ಯಾವ ನುಡಿಯನ್ನು ಉಟ್ಟು ಬರುತ್ತದೆ. ಕಥನಧ್ವನಿ, ನೆಲೆ, ಭಾಷೆ ಎಂದು ವಿದ್ಯಾರ್ಥಿಗಳು ಬರೆದುಕೊಳ್ಳುವ ಈ ಮೂರು ವಿಚಾರಗಳು ಪಶ್ಚಿಮದ ಕಾದಂಬರಿಯೊಡನೆ ಬಂದ ಸರಕೆಂಬ ಭಾವನೆ ಸಾಮಾನ್ಯವಾಗಿದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು 1899ರಲ್ಲಿ. ಅದಕ್ಕಿಂತ ಮೊದಲೇ, ಅಚ್ಚಿನ ಮೊಳೆಯನ್ನು ಕಾಣದ ಹಳ್ಳಿಗಳಲ್ಲಿ, ನೆರೆಹೊರೆಯ ಮನುಷ್ಯರ ಬಾಳನ್ನೇ ಕಥೆಯಾಗಿ ಕಟ್ಟಿ, ರಾತ್ರಿಯಿಡೀ ಜನರನ್ನು ಎಚ್ಚರವಾಗಿ ಕೂಡ್ರಿಸಿದ ಕಥನಕಾರರು ಕನ್ನಡ ನಾಡಿನಲ್ಲಿ ಇದ್ದರು. ಮೇಲಿನ ಮೂರು ಪ್ರಶ್ನೆಗಳನ್ನು ಅವರ ಕೃತಿಗಳಿಗೆ ಕೇಳಿದರೆ ದೊರೆಯುವ ಉತ್ತರ ಯಾವ ಕಾದಂಬರಿಯ ಉತ್ತರಕ್ಕೂ ಕಡಿಮೆಯದಲ್ಲ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆ ಇಂಥ ಕಥನದ ತವರು. ಈ ಸೀಮೆಯ ಎರಡು ಕಥೆಗಳು ಲಾವಣಿಯಾಗಿ ಹಾಡಲ್ಪಟ್ಟು, ಶಾಸನತಜ್ಞನೂ ಮುಂಬಯಿ ಸರಕಾರದ ಅಧಿಕಾರಿಯೂ ಆಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟನ ಕಿವಿಗೆ ಬಿದ್ದವು. 1880ರ ದಶಕದಲ್ಲಿ ಅವನು ಅವುಗಳನ್ನು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಒಂದು ಸಂಗೊಳ್ಳಿ ರಾಯಣ್ಣನ ಕಥೆ. ಇನ್ನೊಂದು ಬೈಲಹೊಂಗಲದ ಸಂಗ್ಯಾನ ಕಥೆ. ಮೊದಲನೆಯದಕ್ಕೆ ‘ದಂಗೆ’ ಎಂದೂ ಎರಡನೆಯದಕ್ಕೆ ‘ಅಪರಾಧ ಮತ್ತು ಸಾವು’ ಎಂದೂ ಅರ್ಥ ಬರುವ ತಲೆಬರಹಗಳನ್ನು ಅವನು ಕೊಟ್ಟನು. ಎರಡೂ ಕಚೇರಿಯ ದಫ್ತರಿನ ಶಬ್ದಗಳು. ಹಾಡಿದವರ ಧ್ವನಿ ಬೇರೆ, ಬರೆದುಕೊಂಡವನ ಧ್ವನಿ ಬೇರೆ ಎಂಬುದು ಈ ತಲೆಬರಹಗಳಿಂದಲೇ ಸ್ಪಷ್ಟವಾಗುತ್ತದೆ.

ರಾಯಣ್ಣನ ಲಾವಣಿಗೆ ಇಂದು ಎಲ್ಲೆಡೆಯೂ ಗೌರವವಿದೆ. ‘ಸಂಗ್ಯಾ-ಬಾಳ್ಯಾ’ದ ಸ್ಥಿತಿ ಹಾಗಿಲ್ಲ. ಪರಸ್ತ್ರೀ ಮೋಹ, ಮಿತ್ರದ್ರೋಹ, ಕೊಲೆ — ಇಷ್ಟರಿಂದಲೇ ಕಟ್ಟಿದ ಕಥೆಯಿಂದ ಸಜ್ಜನರಿಗೆ ಏನು ಪ್ರಯೋಜನ ಎಂಬ ಆಕ್ಷೇಪಣೆ ಹಳೆಯದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಒಂದು ಕೃತಿಯ ನೀತಿಯನ್ನು ಅದರ ಘಟನೆಗಳ ಪಟ್ಟಿಯಲ್ಲಿ ಹುಡುಕಬೇಕೋ ಅಥವಾ ಅದನ್ನು ಹೇಳುವ ಧ್ವನಿಯಲ್ಲಿ ಹುಡುಕಬೇಕೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಎರಡು ಕಥೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ಪ್ರಶ್ನೆಗೆ ಬೆಳಕು ದೊರೆಯುತ್ತದೆ.

ನೆಲೆ

ಮೊದಲು ನೆಲದ ಮಾತು. ಕಿತ್ತೂರಿನಿಂದ ಪಡುವಣಕ್ಕೆ ಸಾಗಿದಂತೆ ನೆಲ ಮಲೆನಾಡಿನ ಅಂಚನ್ನು ಮುಟ್ಟುತ್ತದೆ. ಖಾನಾಪುರ, ನಂದಗಡಗಳ ಕಡೆಗೆ ಕಾಡು ದಟ್ಟವಾಗುತ್ತದೆ. ಮೂಡಣಕ್ಕೆ ತಿರುಗಿದರೆ ಬೈಲಹೊಂಗಲದಿಂದ ಸವದತ್ತಿಯವರೆಗೆ, ಅಲ್ಲಿಂದ ರಾಮದುರ್ಗದ ಗುಡ್ಡಗಳವರೆಗೆ ಎರೆಭೂಮಿ ಹಾಸಿಕೊಂಡಿದೆ. ಜೋಳ, ಹತ್ತಿ ಬೆಳೆಯುವ ಈ ಬಯಲಿನಲ್ಲಿ ಮರೆ ಎಂಬುದು ಕಡಿಮೆ. ಜೋಳ ಆಳೆತ್ತರಕ್ಕೆ ಬಂದಾಗ ಎರಡು ತಿಂಗಳು ಹೊಲದಲ್ಲಿ ಮನುಷ್ಯ ಮರೆಯಾಗಬಲ್ಲ. ಸುಗ್ಗಿ ಮುಗಿದ ಮೇಲೆ ಹರದಾರಿ ದೂರದ ದಾರಿಹೋಕನೂ ಕಣ್ಣಿಗೆ ಬೀಳುತ್ತಾನೆ. ಊರಿನ ಹೆಸರಿನಲ್ಲಿಯೇ ಬಯಲು ಕುಳಿತಿದೆ.

ಎರಡು ಕಥೆಗಳೂ ತಮ್ಮ ಆಕಾರವನ್ನು ಪಡೆದದ್ದು ಈ ಎರಡು ನೆಲಗಳಿಂದ. ರಾಯಣ್ಣನದು ದಾರಿಯ ಕಥೆ. ಸಂಗೊಳ್ಳಿ, ಬೀಡಿ, ನಂದಗಡ, ಖಾನಾಪುರ, ಸಂಪಗಾವಿ — ಕಥೆ ಊರಿಂದೂರಿಗೆ ಓಡುತ್ತದೆ, ಕಾಡಿನಲ್ಲಿ ತಲೆಮರೆಸಿಕೊಳ್ಳುತ್ತದೆ, ಮತ್ತೆ ಕಚೇರಿಗಳ ಮೇಲೆ ಎರಗುತ್ತದೆ. ಸಂಗ್ಯಾನದು ಊರೊಳಗಿನ ಕಥೆ. ಮನೆ, ಅಂಗಳ, ಓಣಿ, ಪೇಟೆ, ಊರ ಹೊರಗಿನ ಜಾಗ — ಇಷ್ಟೇ ಅದರ ಭೂಗೋಳ. ಒಂದರಲ್ಲಿ ಕಾಡು ಗುಟ್ಟನ್ನು ಕಾಪಾಡುತ್ತದೆ. ಇನ್ನೊಂದರಲ್ಲಿ ಬಯಲು ಗುಟ್ಟನ್ನು ಕಾಪಾಡುವುದಿಲ್ಲ. ‘ಬಯಲಿಗೆ ಬರುವುದು’ ಎಂದು ಕನ್ನಡಿಗರು ದಿನವೂ ಆಡುವ ಮಾತು ಈ ಕಥೆಯಲ್ಲಿ ಅಕ್ಷರಶಃ ನಡೆಯುವ ಘಟನೆಯಾಗಿದೆ.

ರಾಯಣ್ಣನ ಲಾವಣಿ: ಸಾಕ್ಷಿಯ ಧ್ವನಿ

ಕಥೆಯ ಐತಿಹಾಸಿಕ ಹಿನ್ನೆಲೆ ಎಲ್ಲರಿಗೂ ತಿಳಿದದ್ದೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಕುಂಪಣಿಯ ವಶವಾಯಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಲಿಂಗೈಕ್ಯರಾದರು. ಅವರ ಸಮಾಧಿ ಅಲ್ಲಿಯೇ ಇದೆ. ಆ ಬಳಿಕ ರಾಯಣ್ಣ ಎದ್ದನು. 1830ರಲ್ಲಿ ಹಿಡಿಯಲ್ಪಟ್ಟು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ಇತಿಹಾಸಕಾರನಿಗೆ ಇಷ್ಟು ಸಾಕು. ಲಾವಣಿಕಾರನ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

ಲಾವಣಿಯ ಕಥನಕಾರ ಕಣ್ಣಾರೆ ಕಂಡವನ ಠೀವಿಯಲ್ಲಿ ಹೇಳುತ್ತಾನೆ. ಈ ಠೀವಿಗೆ ಆಧಾರವಾದದ್ದು ಉತ್ತರ ಕರ್ನಾಟಕದ ಆಡುನುಡಿಯ ಒಂದು ಕ್ರಿಯಾರೂಪ. ‘ಬಂದನು’, ‘ನಿಂತನು’ ಎಂದು ಗ್ರಂಥಭಾಷೆ ಹೇಳುವಲ್ಲಿ ಈ ಸೀಮೆಯ ಹಾಡು ‘ಬಂದಾನ’, ‘ನಿಂತಾನ’ ಎನ್ನುತ್ತದೆ. ‘ಬಂದನು’ ಎಂದರೆ ಬಂದು ಹೋದ ಸಂಗತಿ; ‘ಬಂದಾನ’ ಎಂದರೆ ಬಂದಿದ್ದಾನೆ, ಇನ್ನೂ ಇಲ್ಲಿಯೇ ಇದ್ದಾನೆ. ಗಲ್ಲಿಗೇರಿ ಎಷ್ಟೋ ವರ್ಷಗಳಾದವನನ್ನು ಕೇಳುಗರ ಮುಂದೆ ಇನ್ನೂ ನಿಂತವನಂತೆ ತೋರಿಸುವ ಶಕ್ತಿ ಈ ಒಂದು ಪ್ರತ್ಯಯದಲ್ಲಿದೆ. ವ್ಯಾಕರಣವು ಸ್ಮಾರಕದ ಕೆಲಸ ಮಾಡುವ ಅಪೂರ್ವ ಸಂದರ್ಭವಿದು. ಈ ಲಾವಣಿಯನ್ನು ಶಿಷ್ಟ ಕನ್ನಡಕ್ಕೆ ತಿದ್ದಿದ ಕೂಡಲೆ ಅದರ ಪ್ರಾಣ ಹೋಗುವುದೇಕೆಂಬುದಕ್ಕೂ ಕಾರಣ ಇದೇ.

ಶಬ್ದಸಂಪತ್ತಿನಲ್ಲಿ ಎರಡು ಪದರಗಳಿವೆ. ಸರಕಾರ, ಹುಕುಂ, ಫೌಜು, ಕಚೇರಿ, ಸಾಹೇಬ — ಇವು ಆಳುವವರೊಡನೆ ಬಂದ ಶಬ್ದಗಳು. ಅಣ್ಣ, ತಮ್ಮ, ತಾಯಿ, ಗೆಳೆಯ — ಇವು ಮನೆಯ ಶಬ್ದಗಳು. ರಾಯಣ್ಣ ಊರಿನ ಶೇತಸನದಿ. ಪದವಿಯಿಂದ ನೋಡಿದರೆ ಸಣ್ಣ ಚಾಕರಿಯವ. ಸರಕಾರಿ ಕಾಗದಗಳಿಗೆ ಅವನು ದಂಗೆಕೋರ. ಹಾಡಿಗೆ ಮಾತ್ರ ಅವನು ‘ಅಣ್ಣ’. ಈ ಸೀಮೆಯಲ್ಲಿ ಹೆಸರಿನ ಕೊನೆಯ ಅಕ್ಷರ ಮನುಷ್ಯನ ಸ್ಥಾನವನ್ನು ಹೇಳುತ್ತದೆ. ಜನರು ಅವನಿಗೆ ‘ಅಣ್ಣ’ ಎಂಬುದನ್ನು ಉಳಿಸಿಕೊಟ್ಟಿದ್ದಾರೆ ಎಂಬುದೇ ಅವರ ತೀರ್ಪು. ಬೇರೆ ತೀರ್ಪನ್ನು ಲಾವಣಿ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಥನಧ್ವನಿಯ ಇನ್ನೊಂದು ಗುಟ್ಟು ಲಾವಣಿಯ ಮುಕ್ತಾಯದಲ್ಲಿದೆ. ಲಾವಣಿಕಾರನು ಕೊನೆಗೆ ತನ್ನ ಊರು, ಗುರು, ದೈವಗಳನ್ನು ಹೆಸರಿಸಿ ತನ್ನ ಗುರುತನ್ನು ಬಿಟ್ಟುಕೊಡುವುದು ಪದ್ಧತಿ. ವಚನಕಾರರ ಅಂಕಿತದಲ್ಲಿ ಕವಿ ತನ್ನನ್ನು ಅಳಿಸಿಕೊಂಡು ಇಷ್ಟದೈವವನ್ನು ಮುಂದಿಡುತ್ತಾನೆ. ಲಾವಣಿಯ ಅಂಕಿತದಲ್ಲಿ ಕವಿ ತನ್ನ ಊರನ್ನು ಮುಂದಿಡುತ್ತಾನೆ. ಹೇಳಿದ ಮಾತಿಗೆ ಹೊಣೆಗಾರರು ಯಾರು ಎಂಬುದನ್ನು ಕೇಳುಗರು ತಿಳಿದಿರಲಿ ಎಂಬುದೇ ಇದರ ಆಶಯ. ಸರಕಾರದ ವಿರುದ್ಧ ಎದ್ದವನನ್ನು ಕೊಂಡಾಡುವ ಹಾಡಿನಲ್ಲಿ ಹೀಗೆ ಗುರುತು ಬಿಟ್ಟುಕೊಡುವುದು ಸಣ್ಣ ಧೈರ್ಯವಲ್ಲ.

ಕಥೆಯ ತಿರುಳು ಅವನ ಸೆರೆಯ ಪ್ರಸಂಗದಲ್ಲಿದೆ. ಜನಪದ ಪರಂಪರೆಯ ಪ್ರಕಾರ ರಾಯಣ್ಣ ಸಿಕ್ಕಿಬಿದ್ದದ್ದು ರಣರಂಗದಲ್ಲಲ್ಲ; ಹಳ್ಳದ ನೀರಿಗೆ ಸ್ನಾನಕ್ಕೆ ಇಳಿದಾಗ, ಖಡ್ಗ ಕೈಯಲ್ಲಿಲ್ಲದ ಹೊತ್ತಿನಲ್ಲಿ, ತನ್ನವರೆಂದು ನಂಬಿದವರಿಂದ. ಹೊರಗಿನ ಶತ್ರು ಗೆಲ್ಲಲಾರದವನನ್ನು ಒಳಗಿನ ನಂಬಿಗೆ ಸೋಲಿಸಿತು. ಇಷ್ಟು ಹೊತ್ತು ಓಡುತ್ತಿದ್ದ ಕಥನ ಇಲ್ಲಿ ನಿಲ್ಲುತ್ತದೆ. ಊರುಗಳ ಹೆಸರುಗಳು ಹಿಂದೆ ಸರಿಯುತ್ತವೆ. ನೀರು, ಬರಿಗೈ, ಸುತ್ತುವರಿದ ಜನ ಮಾತ್ರ ಉಳಿಯುತ್ತಾರೆ.

ಲಾವಣಿಯಲ್ಲಿ ದೋಷಗಳಿಲ್ಲವೆಂದಲ್ಲ. ಊರುಗಳ, ವ್ಯಕ್ತಿಗಳ ಪಟ್ಟಿ ಕೆಲವೆಡೆ ಕಥೆಯ ಓಟವನ್ನು ತಡೆಯುತ್ತದೆ. ವರ್ಷಗಳ ಘಟನೆ ಕೆಲವು ದಿನಗಳಿಗೆ ಕುಗ್ಗುತ್ತದೆ. ಆದರೆ ಈ ಪಟ್ಟಿಯನ್ನು ಅದನ್ನು ಕೇಳಿದವರ ಸ್ಥಾನದಲ್ಲಿ ನಿಂತು ನೋಡಬೇಕು. ತನ್ನ ಊರಿನ ಹೆಸರು ಬಂದಾಗ ಕೇಳುಗ ತಲೆಯೆತ್ತುತ್ತಾನೆ. ಓದುವವನಿಗೆ ಬೇಸರವಾಗುವ ಭಾಗ ಕೇಳುವವನಿಗೆ ಕಥೆಯೊಳಗೆ ಪ್ರವೇಶದ ಬಾಗಿಲಾಗುತ್ತದೆ.

‘ಸಂಗ್ಯಾ-ಬಾಳ್ಯಾ’: ಕಥನಕಾರನಿಲ್ಲದ ಕಥನ

ಸಂಗ್ಯಾ ಉಳ್ಳವರ ಮನೆಯ ಮಗ. ಬಾಳ್ಯಾ ಅವನ ಜೀವದ ಗೆಳೆಯ. ಮದುವೆಯಾದ ಗಂಗೆಯ ಮೇಲೆ ಸಂಗ್ಯಾನ ಮನಸ್ಸು ಹೋಗುತ್ತದೆ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟ ಹೊತ್ತಿನಲ್ಲಿ, ಪಾರಮ್ಮ ಎಂಬವಳ ಮಧ್ಯಸ್ಥಿಕೆಯಿಂದ, ಮೊದಲು ಒಪ್ಪದ ಗಂಗೆ ಕೊನೆಗೆ ಒಪ್ಪುತ್ತಾಳೆ. ವಿಷಯ ಹೊರಬೀಳುತ್ತದೆ. ಗಂಗೆಯ ಗಂಡನೂ ಅವನ ಅಣ್ಣತಮ್ಮಂದಿರೂ ಕೂಡಿ ಸಂಗ್ಯಾನನ್ನು ಕೊಲ್ಲುತ್ತಾರೆ. ಆ ಸಾವಿಗೆ ದಾರಿ ಮಾಡಿಕೊಟ್ಟವನು ಬಾಳ್ಯಾ. ಬೈಲಹೊಂಗಲದಲ್ಲಿ ನಡೆದದ್ದೆಂದು ಪ್ರಸಿದ್ಧವಾದ ಈ ಘಟನೆ ಮೊದಲು ಲಾವಣಿಯಲ್ಲಿ ಹರಿದು, ಅನಂತರ ಪತ್ತಾರ ಮಾಸ್ತರರ ಹೆಸರಿನೊಡನೆ ಸಣ್ಣಾಟವಾಗಿ ನಿಂತಿತು. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿದ ಮೇಲೆ ವಿದ್ವಾಂಸರ ಗಮನ ಅದರ ಕಡೆಗೆ ಹರಿಯಿತು.

ಲಾವಣಿಯಿಂದ ಸಣ್ಣಾಟಕ್ಕೆ ಬಂದಾಗ ಕಥನಧ್ವನಿಯಲ್ಲಿ ಆದ ಬದಲಾವಣೆ ವಿದ್ಯಾರ್ಥಿಗಳು ಲಕ್ಷಿಸತಕ್ಕದ್ದು. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳನ್ನು ಧರಿಸಿದ ಪುರಾಣಪುರುಷರು ಬರುತ್ತಾರೆ. ಸಣ್ಣಾಟದಲ್ಲಿ ಧೋತರ ಉಟ್ಟು ರುಮಾಲು ಸುತ್ತಿದ ಗಂಡಸು, ಇಳಕಲ್ಲ ಸೀರೆಯುಟ್ಟ ಹೆಂಗಸು ಬರುತ್ತಾರೆ — ನೋಡಲು ಕುಳಿತವರಂತೆಯೇ. ಪಾತ್ರ ತನ್ನ ಹಾಡನ್ನು ತಾನೇ ಹಾಡಿ, ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸುತ್ತದೆ. ಹಿಮ್ಮೇಳ ಹಾಡಿನ ತುದಿಯನ್ನು ಏರುಸ್ವರದಲ್ಲಿ ಎತ್ತಿಕೊಳ್ಳುತ್ತದೆ. ಲಾವಣಿಯ ‘ಕಂಡು ಹೇಳುವವನು’ ಇಲ್ಲಿ ಕಾಣೆಯಾಗಿದ್ದಾನೆ. ಪಾಪ ಮಾಡುವವನೂ ತನ್ನ ಪರವಾಗಿ ತಾನೇ ಮಾತಾಡುತ್ತಾನೆ, ಕೊಲ್ಲುವವನೂ ಮಾತಾಡುತ್ತಾನೆ. ಅವರವರ ನ್ಯಾಯ ಅವರವರ ಬಾಯಲ್ಲಿ ಪೂರ್ತಿಯಾಗಿ ಕೇಳಿಸುತ್ತದೆ. ಇವರಲ್ಲಿ ಯಾರು ಸರಿ ಎಂದು ಹೇಳಲು ನಡುವೆ ಯಾರೂ ನಿಂತಿಲ್ಲ.

ಹಾಗಾದರೆ ಕಥನಕಾರ ಎಲ್ಲಿ ಹೋದ? ಹಿಮ್ಮೇಳದಲ್ಲಿ ಎಂದು ಹೇಳಬೇಕಾಗುತ್ತದೆ. ಸಂಗ್ಯಾ ತನ್ನ ಮೋಹವನ್ನು ಹಾಡಿದಾಗ ಅದೇ ಹಿಮ್ಮೇಳ ಅದನ್ನು ಎತ್ತಿಕೊಳ್ಳುತ್ತದೆ. ಗಂಗೆಯ ಗಂಡ ತನ್ನ ಅವಮಾನವನ್ನು ಹಾಡಿದಾಗಲೂ ಅದೇ ಹಿಮ್ಮೇಳ, ಅದೇ ಏರುದನಿಯಲ್ಲಿ ಎತ್ತಿಕೊಳ್ಳುತ್ತದೆ. ಅದು ಯಾರ ಪಕ್ಷವೂ ಅಲ್ಲ. ಎಲ್ಲರ ನೋವನ್ನೂ ಸಮನಾಗಿ ಹೊರುವ ಊರಿನ ಗಂಟಲು. ಆಧುನಿಕ ಕಾದಂಬರಿಕಾರರು ‘ನಿರ್ಲಿಪ್ತ ನಿರೂಪಣೆ’ ಎಂದು ಬಹಳ ಶ್ರಮದಿಂದ ಸಾಧಿಸುವುದನ್ನು ಸಣ್ಣಾಟ ಇಷ್ಟು ಸಹಜವಾಗಿ ಸಾಧಿಸಿದೆ. ಆದರೆ ಇದು ಕಲ್ಲಿನ ನಿರ್ಲಿಪ್ತತೆಯಲ್ಲ, ಕರುಣೆಯದು. ಕಂಬಾರರ ‘ಕರಿಮಾಯಿ’ಯಂಥ ಕಾದಂಬರಿಯಲ್ಲಿ (1975) ಊರೇ ಕಥೆ ಹೇಳುವಂತೆ ತೋರುವ ಧಾಟಿಯ ಹಿಂದೆ ಇಂಥ ಹಿಮ್ಮೇಳಗಳ ಸಂಸ್ಕಾರ ಇರುವುದನ್ನು ಕಾಣಬಹುದು.

ನುಡಿಯ ಕಡೆಗೆ ಬಂದರೆ, ಶೀರ್ಷಿಕೆಯಲ್ಲಿಯೇ ಅರ್ಧ ಕಥೆಯಿದೆ. ಸಂಗಪ್ಪ ಎಂಬುದು ಹಿರಿಯರ ಬಾಯಲ್ಲಿ, ಗೆಳೆಯರ ಬಾಯಲ್ಲಿ ‘ಸಂಗ್ಯಾ’ ಆಗುತ್ತದೆ. ಬಾಳಪ್ಪ ‘ಬಾಳ್ಯಾ’ ಆಗುತ್ತಾನೆ. ಈ ರೂಪದಲ್ಲಿ ಸಲಿಗೆಯೂ ಇದೆ, ಕಡೆಗಣಿಕೆಯೂ ಇದೆ. ಗೆಳೆತನ ನಡೆದಾಗ ಅದು ಪ್ರೀತಿಯ ಹೆಸರು. ಊರು ಅವನನ್ನು ಬೆರಳೆತ್ತಿ ತೋರಿಸುವಾಗ ಅದೇ ಹೆಸರು ತಿರಸ್ಕಾರದ್ದಾಗುತ್ತದೆ. ಅಕ್ಷರ ಬದಲಾಗುವುದಿಲ್ಲ, ದನಿ ಬದಲಾಗುತ್ತದೆ. ರಾಯಣ್ಣನಿಗೆ ‘ಅಣ್ಣ’ನನ್ನು ಕೊಟ್ಟ ಜನ ಸಂಗ್ಯಾನಿಂದ ‘ಅಪ್ಪ’ನನ್ನು ತೆಗೆದಿದ್ದಾರೆ. ಆದರೂ ಅವನ ಹೆಸರನ್ನು ಮರೆತಿಲ್ಲ; ಗೆಳೆಯನ ಹೆಸರಿನಿಂದ ಅದನ್ನು ಬಿಡಿಸಿಯೂ ಇಲ್ಲ. ಕೊಂದ ನಂಬಿಗೆಯೂ ಕೊಲ್ಲಲ್ಪಟ್ಟ ನಂಬಿಗೆಯೂ ಒಂದೇ ಉಸಿರಿನಲ್ಲಿ ಉಚ್ಚರಿಸಲ್ಪಡುವ ಜೋಡಿಪದವಾಗಿ ಉಳಿದಿವೆ.

ಪಾರಮ್ಮನ ಪ್ರಸಂಗದಲ್ಲಿ ನುಡಿಯ ಇನ್ನೊಂದು ಮುಖ ಕಾಣುತ್ತದೆ. ಈ ಸೀಮೆಯಲ್ಲಿ ಹಿರಿಯ ಹೆಣ್ಣುಮಗಳು ಓಣಿಯ ಕಿರಿಯಳನ್ನು ‘ತಂಗೀ’, ‘ಮಗಳ’ ಎಂದು ಕರೆಯುವುದು ರೂಢಿ. ಕಿರಿಯಳು ‘ಯವ್ವಾ’, ‘ಅತ್ತೀ’ ಎಂದು ಓಗೊಡುತ್ತಾಳೆ. ಈ ಸಂಬಂಧವಾಚಿ ನುಡಿ ಓಣಿಯ ಬಾಳಿಗೆ ಅಡಿಪಾಯ. ಬೇರೆ ಮನೆಯ ಹೆಂಗಸೊಬ್ಬಳು ಗಂಡಿಲ್ಲದ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದು ಈ ನುಡಿಯ ರಹದಾರಿಯಿಂದಲೇ. ಅದೇ ದಾರಿಯಲ್ಲಿ ಕೇಡೂ ಒಳಗೆ ಬಂತು ಎಂಬುದು ಕೃತಿಯ ಅತ್ಯಂತ ಸೂಕ್ಷ್ಮವಾದ ತಿಳಿವಳಿಕೆ. ಬೈಗುಳಿನಿಂದ ಯಾವ ಮನೆಯೂ ಮುರಿಯುವುದಿಲ್ಲ, ಸವಿಮಾತಿನಿಂದ ಮುರಿಯುತ್ತದೆ.

ಅಕ್ಕಪಕ್ಕದ ಧ್ವನಿಗಳು

ಈ ಎರಡು ಕಥನಗಳ ಸುತ್ತ ಬೇರೆ ಧ್ವನಿಗಳೂ ಇವೆ. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರ ಜಾತ್ರೆಯನ್ನು ಕಂಡವರಿಗೆ ಪುರವಂತರ ಒಡಪು ಗೊತ್ತು. ಅಲ್ಲಿ ಹೇಳುವವನು ದಕ್ಷಯಜ್ಞದ ಕಥೆಯನ್ನು ದೂರದಿಂದ ಹೇಳುವುದಿಲ್ಲ. ಖಡ್ಗ ಹಿಡಿದು ತಾನೇ ವೀರಭದ್ರನ ಆವೇಶದಲ್ಲಿ ನಿಲ್ಲುತ್ತಾನೆ. ಲಾವಣಿಕಾರ ವೀರನನ್ನು ಕಂಡವನು, ಪುರವಂತ ವೀರನೇ ಆದವನು. ಎರಡರ ನಡುವಿನ ಅಂತರವೇ ಕಥನಕ್ಕೂ ಉಪಾಸನೆಗೂ ಇರುವ ಅಂತರ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಸೇರುವ ಜನಸಾಗರದ ನಡುವೆ ಚೌಡಿಕೆಯ ಪದ ಕೇಳಿಸುತ್ತದೆ. ನೀರಿಗೆ ಹೋದ ರೇಣುಕೆಯ ಮನಸ್ಸು ಒಂದು ಕ್ಷಣ ಕದಲಿತು. ಜಮದಗ್ನಿಯ ಅಪ್ಪಣೆಯಂತೆ ಪರಶುರಾಮ ತಾಯಿಯ ತಲೆ ಕಡಿದನು. ಆಕೆ ಮತ್ತೆ ಜೀವ ಪಡೆದು ತಾಯಿಯಾಗಿ ಗುಡ್ಡದ ಮೇಲೆ ನೆಲೆಸಿದಳು. ಬೈಲಹೊಂಗಲಕ್ಕೂ ಸವದತ್ತಿಗೂ ದೂರ ಹೆಚ್ಚಿಲ್ಲ. ಗಂಗೆಯ ಕಥೆಯನ್ನು ನೋಡಲು ಕುಳಿತ ಜನರ ಮನಸ್ಸಿನಲ್ಲಿ ರೇಣುಕೆಯ ಕಥೆ ಇರಲೇಬೇಕು. ಪುರಾಣ ದಂಡಿಸಿದವಳನ್ನು ಪುರಾಣವೇ ಕ್ಷಮಿಸಿ ಪೂಜೆಗೆ ಕೂಡ್ರಿಸಿತು. ಗಂಗೆಯನ್ನು ಯಾವ ಗುಡ್ಡದ ಮೇಲೂ ಯಾರೂ ಕೂಡ್ರಿಸಲಿಲ್ಲ.

‘ಸಂಗ್ಯಾ-ಬಾಳ್ಯಾ’ದ ಮುಖ್ಯ ಕೊರತೆ ಇರುವುದೂ ಇಲ್ಲಿಯೇ. ಗಂಗೆ ಒಪ್ಪದಿರುವಾಗ ಆಕೆಯ ಧ್ವನಿ ಗಟ್ಟಿಯಾಗಿದೆ. ಆಕೆ ಒಪ್ಪಿದ ಮೇಲೆ ಕಥೆ ಗಂಡಸರ ಕೈಗೆ ಹೋಗುತ್ತದೆ. ಯಾರು ಯಾರಿಗೆ ದ್ರೋಹ ಮಾಡಿದರು ಎಂಬ ಲೆಕ್ಕ ಗೆಳೆಯರ ನಡುವೆ, ಅಣ್ಣತಮ್ಮಂದಿರ ನಡುವೆ ನಡೆಯುತ್ತದೆ. ಹೆಸರಿನಲ್ಲಿಯೂ ಆಕೆಗೆ ಸ್ಥಳವಿಲ್ಲ. ಎಲ್ಲರಿಗೂ ಸಮನಾಗಿ ಗಂಟಲು ಕೊಟ್ಟ ಹಿಮ್ಮೇಳ ಆಕೆಯ ಪಾಲಿನ ಅಳುವನ್ನು ಕೊನೆಯವರೆಗೆ ಎತ್ತಿಕೊಳ್ಳುವುದಿಲ್ಲ. ಕೃತಿಯನ್ನು ಮೆಚ್ಚುವವರು ಈ ಮೌನವನ್ನು ಮುಚ್ಚಿಡಬಾರದು.

ನೀತಿಯ ಪ್ರಶ್ನೆ

ಈಗ ಮೊದಲಿನ ಆಕ್ಷೇಪಣೆಗೆ ಬರಬಹುದು. ‘ಸಂಗ್ಯಾ-ಬಾಳ್ಯಾ’ ಜಾರತನವನ್ನು ಸಾರುವ ಕೃತಿಯೇ? ಘಟನೆಗಳನ್ನು ಮಾತ್ರ ಎಣಿಸಿದರೆ ಅನುಮಾನ ಬರಬಹುದು. ಧ್ವನಿಯನ್ನು ಆಲಿಸಿದರೆ ಅನುಮಾನಕ್ಕೆ ಎಡೆಯಿಲ್ಲ. ಇಲ್ಲಿ ಮುರಿಯುವುದು ಒಂದೇ ನಂಬಿಗೆಯಲ್ಲ. ಗಂಡನ ನಂಬಿಗೆ ಮುರಿಯುತ್ತದೆ, ಮನೆಗೆ ಬಂದವರ ಮೇಲಿನ ನಂಬಿಗೆ ಮುರಿಯುತ್ತದೆ, ಕೊನೆಗೆ ಗೆಳೆಯನ ನಂಬಿಗೆ ಮುರಿಯುತ್ತದೆ. ಪರರ ಮನೆಯ ನಂಬಿಗೆಯನ್ನು ಮುರಿದವನು ತನ್ನ ನಂಬಿಗೆ ಮುರಿದಾಗ ಸಾಯುತ್ತಾನೆ. ಈ ಸರಪಳಿಯನ್ನು ಕೃತಿ ಎಲ್ಲಿಯೂ ಉಪದೇಶವಾಗಿ ಬಿಡಿಸುವುದಿಲ್ಲ. ಅದಕ್ಕಾಗಿಯೇ ಅದು ನಾಟುತ್ತದೆ.

ಸಂಗ್ಯಾ ಸತ್ತಾಗ ಪ್ರೇಕ್ಷಕರು ಮರುಗುವುದನ್ನು ಕೆಲವರು ತಪ್ಪೆಣಿಸಿದ್ದಾರೆ. ಪಾಪಿಗೆ ಮರುಗುವುದು ಪಾಪವನ್ನು ಒಪ್ಪಿದಂತಲ್ಲವೇ ಎಂಬುದು ಅವರ ವಾದ. ಈ ವಾದ ಕರುಣೆಯನ್ನೂ ಸಮ್ಮತಿಯನ್ನೂ ಒಂದಾಗಿ ಕಾಣುತ್ತದೆ. ಶರಣರು ತಮ್ಮ ಬಳಿಗೆ ಬಂದವರನ್ನು ಅವರ ಹಿಂದಿನ ಬಾಳಿನಿಂದ ಅಳೆದು ಹೊರಗಿಡಲಿಲ್ಲ; ಹಾಗೆಂದು ಆ ಬಾಳನ್ನು ಒಪ್ಪಲೂ ಇಲ್ಲ. ನಡೆ ನುಡಿಗಳ ನಡುವಿನ ಬಿರುಕೇ ಅವರ ಕಣ್ಣಿಗೆ ದೊಡ್ಡ ಕೇಡು. ಆ ದೃಷ್ಟಿಯಿಂದ ನೋಡಿದರೆ ಈ ಕಥೆಯಲ್ಲಿ ಜನರ ಮನಸ್ಸನ್ನು ಹೆಚ್ಚು ಕಲಕುವವನು ಮೋಹಕ್ಕೆ ಬಿದ್ದ ಸಂಗ್ಯಾನಲ್ಲ, ಬಾಯಲ್ಲಿ ಗೆಳೆತನವಿಟ್ಟುಕೊಂಡು ಗೆಳೆಯನನ್ನು ಸಾವಿನ ಬಳಿಗೆ ನಡೆಸಿದ ಬಾಳ್ಯಾ. ರಾಯಣ್ಣನನ್ನು ನೀರಿನಲ್ಲಿ ಹಿಡಿದುಕೊಟ್ಟವರ ಮೇಲೆ ಲಾವಣಿಗಿರುವ ಕಹಿಯೂ ಇದೇ ಮೂಲದ್ದು. ಒಂದು ದೇಶದ ಕಥೆ, ಒಂದು ಮನೆಯ ಕಥೆ. ಎರಡನ್ನೂ ಈ ಸೀಮೆಯ ಜನ ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ. ಆ ತಕ್ಕಡಿಯ ಹೆಸರು ನಂಬಿ ಬಂದವರಿಗೆ ಎರಡು ಬಗೆಯದಿರುವುದು.

ಆದ್ದರಿಂದ ರಾಯಣ್ಣನ ಲಾವಣಿಯನ್ನು ಪಠ್ಯಕ್ಕೆ ಸೇರಿಸಿ ‘ಸಂಗ್ಯಾ-ಬಾಳ್ಯಾ’ವನ್ನು ಹೊಸ್ತಿಲ ಹೊರಗೆ ನಿಲ್ಲಿಸುವುದು ಸಾಹಿತ್ಯದೃಷ್ಟಿಯಿಂದಲೂ ನೀತಿದೃಷ್ಟಿಯಿಂದಲೂ ಸಲ್ಲದು. ವೀರನ ಕಥೆ ಕೇಳುಗರ ತಲೆಯನ್ನು ಎತ್ತಿಸುತ್ತದೆ. ಸೋತವನ ಕಥೆ ತಮ್ಮೊಳಗನ್ನು ನೋಡಿಕೊಳ್ಳುವಂತೆ ತಲೆಯನ್ನು ಬಗ್ಗಿಸುತ್ತದೆ. ಎರಡೂ ಬೇಕಾದ ಶಿಕ್ಷಣ. ಓದುವಾಗ ಮಾತ್ರ ಅಚ್ಚಿನ ಪುಟವೇ ಕೃತಿಯೆಂದು ಭಾವಿಸಬಾರದು. ಹಿಮ್ಮೇಳವಿಲ್ಲದ ಸಣ್ಣಾಟ, ದಪ್ಪು ತುಂತುಣಿಗಳಿಲ್ಲದ ಲಾವಣಿ, ಕಥನಧ್ವನಿಯ ಅರ್ಧವನ್ನು ಕಳೆದುಕೊಂಡಿರುತ್ತವೆ.

ಸಂಗಪ್ಪ ಎಂಬ ಹೆಸರು ಈ ಸೀಮೆಗೆ ಬಂದದ್ದು ಸಂಗಮನಾಥನಿಂದ. ಸಂಗೊಳ್ಳಿಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಸವದತ್ತಿಯ ಸೀಮೆಯನ್ನೂ ರಾಮದುರ್ಗವನ್ನೂ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಳ್ಳೆಯ ಸಂಗ ಯಾವುದು, ಕೆಟ್ಟ ಸಂಗ ಯಾವುದು ಎಂಬ ಪ್ರಶ್ನೆಯನ್ನು ಆ ಹೊಳೆಯ ದಂಡೆಯ ಜನ ಶತಮಾನಗಳಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ. ವಚನದಲ್ಲಿ ಅದನ್ನು ಅರಿವಾಗಿ ಕೇಳಿದರು, ಲಾವಣಿಯಲ್ಲಿ ಕೆಚ್ಚಾಗಿ ಕೇಳಿದರು, ಸಣ್ಣಾಟದಲ್ಲಿ ಅಳುವಾಗಿ ಕೇಳಿದರು.